ಓದು ನಿಂತ ದಿನದಿಂದ ಮದುವೆಯ ದಿನದವರೆಗೆ: ದೂರಶಿಕ್ಷಣ ಹೆಣ್ಣುಮಕ್ಕಳನ್ನು ಕಾಯಬಲ್ಲದೇ?

ಬಾಲ್ಯವಿವಾಹದ ಸುದ್ದಿ ಬಂದಾಗಲೆಲ್ಲ "ಓದುತ್ತಿದ್ದ ಹುಡುಗಿಯನ್ನು ಶಾಲೆ ಬಿಡಿಸಿ ಮದುವೆ ಮಾಡಿಬಿಟ್ಟರು" ಎಂದು ನಾವು ಮರುಗುತ್ತೇವೆ. ಹಾಗೆ ಆಗುವುದುಂಟು. ಆದರೆ ಎಷ್ಟೋ ಮನೆಗಳಲ್ಲಿ ನಡೆಯುವ ಕ್ರಮವೇ ಬೇರೆ. ಮೊದಲು ಓದು ನಿಲ್ಲುತ್ತದೆ. ಪ್ರಾಥಮಿಕ ಶಾಲೆ ಹತ್ತಿರದಲ್ಲಿರುತ್ತದೆ, ಪ್ರೌಢಶಾಲೆ ದೂರ, ದಾರಿಯಲ್ಲಿ ಕಾಡುವವರಿರುತ್ತಾರೆ. ಅಮ್ಮ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಗಣಿತದಲ್ಲಿ ಒಮ್ಮೆ ನಪಾಸಾಗಿರುತ್ತದೆ. ನೆರೆಯೋ ಬರವೋ ಸಾಂಕ್ರಾಮಿಕವೋ ಬಂದು ಶಾಲೆಯ ಬಾಗಿಲು ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಆರು ತಿಂಗಳು ಕಳೆಯುತ್ತದೆ, ವರ್ಷ ಕಳೆಯುತ್ತದೆ. "ಸುಮ್ಮನೆ ಮನೆಯಲ್ಲಿದ್ದಾಳಲ್ಲ" ಎಂಬ ಮಾತು ನೆಂಟರ ಬಾಯಲ್ಲಿ ಶುರುವಾಗುತ್ತದೆ. ಸಂಬಂಧ ಬರುತ್ತದೆ. ಬೇಡ ಎನ್ನಲು ಹೆತ್ತವರ ಕೈಯಲ್ಲಿ ಒಂದು ಕಾರಣವೂ ಉಳಿದಿರುವುದಿಲ್ಲ.

ಓದು ನಿಂತ ದಿನಕ್ಕೂ ಮದುವೆ ಗೊತ್ತಾದ ದಿನಕ್ಕೂ ನಡುವಿನ ಈ ಅವಧಿಯೇ ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಮರ್ಮಸ್ಥಾನ. ಕಾನೂನು ಈ ಅವಧಿಯನ್ನು ನೋಡುವುದಿಲ್ಲ; ಅದು ಎಚ್ಚೆತ್ತು ಬರುವುದು ಮದುವೆಯ ಹಿಂದಿನ ದಿನ, ಅದೂ ಯಾರಾದರೂ ದೂರು ಕೊಟ್ಟರೆ. ಮಾಮೂಲು ಶಾಲೆಯೂ ನೋಡುವುದಿಲ್ಲ. ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದ ಮೇಲೆ ಅದರ ಪಾಲಿಗೆ ಆ ಹುಡುಗಿ ಇಲ್ಲ. ಹೀಗೆ ಯಾರ ಕಣ್ಣಿಗೂ ಬೀಳದ ಈ ಕಾಲದಲ್ಲಿ ಅವಳ ಕೈಹಿಡಿಯಬಲ್ಲ ವ್ಯವಸ್ಥೆ ಇದ್ದರೆ ಅದು ದಿನವೂ ತರಗತಿಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದಾದ ಮುಕ್ತ ಶಾಲೆ, ದೂರಶಿಕ್ಷಣ, ರೇಡಿಯೊ ಪಾಠ, ಸಂಚಾರಿ ತರಗತಿಗಳಂಥ ಬಾಗುವ ಗುಣವುಳ್ಳ ಶಿಕ್ಷಣವೇ ಎಂಬ ಮಾತು ಕಳೆದ ಹತ್ತು ವರ್ಷಗಳಲ್ಲಿ ಬಲವಾಗಿ ಕೇಳಿಬಂದಿದೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅದೇ ಶಿಕ್ಷಣವನ್ನು ತಪ್ಪಾಗಿ ಕಟ್ಟಿದರೆ ಹುಡುಗಿಯನ್ನು ಶಾಲೆಯಿಂದ ಹೊರಹಾಕುವ ಸಭ್ಯ ಉಪಾಯವಾಗಿಬಿಡುತ್ತದೆ. ಇದು ಬರೀ ಊಹೆಯಲ್ಲ, ಹಲವು ದೇಶಗಳಲ್ಲಿ ಆಗಿಹೋಗಿದೆ.

ಸಮಸ್ಯೆ ಎಷ್ಟು ದೊಡ್ಡದು ಎಂಬುದನ್ನು ಒಮ್ಮೆ ನೋಡಿ ಮುಂದೆ ಹೋಗೋಣ. ಯುನಿಸೆಫ್ ಅಂದಾಜಿನಂತೆ ಪ್ರತಿ ವರ್ಷ ಜಗತ್ತಿನಲ್ಲಿ ಸುಮಾರು 1 ಕೋಟಿ 20 ಲಕ್ಷ ಹೆಣ್ಣುಮಕ್ಕಳು 18 ತುಂಬುವ ಮೊದಲೇ ಮದುವೆಯಾಗುತ್ತಿದ್ದಾರೆ. ಹಾಗೆ ಮದುವೆಯಾದ, ಈಗ ಬದುಕಿರುವ ಹುಡುಗಿಯರು ಮತ್ತು ಹೆಂಗಸರ ಸಂಖ್ಯೆ ಸುಮಾರು 64 ಕೋಟಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ದಕ್ಷಿಣ ಏಷ್ಯಾದವರು. 2030ರೊಳಗೆ ಈ ಪದ್ಧತಿಯನ್ನು ಕೊನೆಗಾಣಿಸುತ್ತೇವೆಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎಲ್ಲ ಸದಸ್ಯ ದೇಶಗಳೂ 2015ರಲ್ಲಿ ಒಪ್ಪಿಕೊಂಡವು. ಈಗಿನ ವೇಗದಲ್ಲೇ ನಡೆದರೆ ಅದಕ್ಕೆ ಇನ್ನೂ 300 ವರ್ಷ ಬೇಕಾದೀತು ಎಂದು ಯುನಿಸೆಫ್ 2023ರಲ್ಲಿ ಲೆಕ್ಕಹಾಕಿ ಹೇಳಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಮುಂದಿನ ಹತ್ತು ವರ್ಷಗಳಲ್ಲಿ ಇನ್ನೂ ಒಂದು ಕೋಟಿ ಹುಡುಗಿಯರು ಈ ಅಪಾಯಕ್ಕೆ ಸಿಲುಕಬಹುದು ಎಂದು 2021ರಲ್ಲಿ ಅದು ಎಚ್ಚರಿಸಿತ್ತು. ಶಾಲೆಯ ಬಾಗಿಲಿಗೂ ಮದುವೆಗೂ ಇರುವ ನಂಟನ್ನು ಆ ಎಚ್ಚರಿಕೆಯೇ ಹೇಳುತ್ತದೆ.

ಶಾಲೆ ಮಾಡುವ ಕೆಲಸ ಪಾಠವೊಂದೇ ಅಲ್ಲ

ಓದಿಗೂ ಮದುವೆಯ ವಯಸ್ಸಿಗೂ ಇರುವ ಸಂಬಂಧ ಚೆನ್ನಾಗಿ ಗೊತ್ತಿರುವುದೇ. ವಿಶ್ವಬ್ಯಾಂಕ್ ಮತ್ತು ಮಹಿಳಾ ಸಂಶೋಧನೆಯ ಅಂತರರಾಷ್ಟ್ರೀಯ ಕೇಂದ್ರ 2017ರಲ್ಲಿ ಕೂಡಿ ಹೊರತಂದ ವರದಿಯ ಪ್ರಕಾರ, ಪ್ರೌಢ ಹಂತದಲ್ಲಿ ಹುಡುಗಿ ಓದುವ ಪ್ರತಿಯೊಂದು ವರ್ಷವೂ ಅವಳು 18ರೊಳಗೆ ಮದುವೆಯಾಗುವ ಸಾಧ್ಯತೆಯನ್ನು ಹಲವು ದೇಶಗಳಲ್ಲಿ ಶೇಕಡಾ 5 ಅಂಶಗಳಷ್ಟು ಅಥವಾ ಅದಕ್ಕೂ ಹೆಚ್ಚು ತಗ್ಗಿಸುತ್ತದೆ. ಗಮನಿಸಬೇಕಾದದ್ದು ಪ್ರೌಢ ಹಂತ ಎಂಬ ಮಾತನ್ನು. ಪ್ರಾಥಮಿಕ ಶಿಕ್ಷಣಕ್ಕೆ ಅಷ್ಟು ಬಲವಿಲ್ಲ, ಏಕೆಂದರೆ ಅದು ಮುಗಿಯುವ ಹೊತ್ತಿಗೆ ಹುಡುಗಿಗೆ ಹನ್ನೊಂದು ಹನ್ನೆರಡು ವರ್ಷ. ಅಪಾಯ ಶುರುವಾಗುವುದೇ ಅಲ್ಲಿಂದ.

ಆದರೆ ಓದು ಮದುವೆಯನ್ನು ಹೇಗೆ ತಡೆಯುತ್ತದೆ? ಬೀಜಗಣಿತ ಕಲಿತವಳನ್ನು ಮದುವೆ ಮಾಡಬಾರದೆಂದು ಯಾವ ಅಪ್ಪನೂ ಅಂದುಕೊಳ್ಳುವುದಿಲ್ಲ. ಶಾಲೆ ಪಾಠದ ಜೊತೆಗೆ, ಹೇಳದೆಯೇ, ಬೇರೆ ಕೆಲವು ಕೆಲಸಗಳನ್ನು ಮಾಡುತ್ತಿರುತ್ತದೆ. ದಿನವೂ ಅವಳನ್ನು ಮನೆಯಿಂದ ಹೊರಗೆ ಕರೆದೊಯ್ಯುತ್ತದೆ. ಅವಳು ಎರಡು ದಿನ ಕಾಣದಿದ್ದರೆ ಕೇಳುವ ಒಬ್ಬ ಶಿಕ್ಷಕಿಯನ್ನು, ಮನೆಯ ಮಾತನ್ನು ಹೇಳಿಕೊಳ್ಳಬಹುದಾದ ಗೆಳತಿಯರನ್ನು ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅವಳಿಗೆ ಒಂದು ಹೆಸರು ಕೊಡುತ್ತದೆ: ಓದುತ್ತಿರುವ ಹುಡುಗಿ. ಸಮಾಜದ ಕಣ್ಣಿನಲ್ಲಿ ಓದುತ್ತಿರುವ ಹುಡುಗಿ ಇನ್ನೂ ಮಗು; ಓದು ಬಿಟ್ಟವಳು, ವಯಸ್ಸು ಅಷ್ಟೇ ಇದ್ದರೂ, ಮದುವೆಗೆ ಬಂದವಳು. "ಇನ್ನೂ ಓದುತ್ತಿದ್ದಾಳೆ" ಎಂಬ ಎರಡು ಪದಗಳು ಬಂದ ಸಂಬಂಧವನ್ನು ಯಾರ ಮನಸ್ಸೂ ನೋಯದಂತೆ ವಾಪಸು ಕಳಿಸಲು ಹೆತ್ತವರಿಗೆ ಸಿಗುವ ದೊಡ್ಡ ಆಸರೆ. ಮಗಳ ಮದುವೆಯನ್ನು ಮುಂದೂಡಬೇಕೆಂದು ಒಳಗೊಳಗೇ ಬಯಸುವ ತಾಯಂದಿರು ಬಹಳ ಮಂದಿ ಇದ್ದಾರೆ. ಅವರಿಗೆ ಬೇಕಿರುವುದು ಧೈರ್ಯದ ಉಪದೇಶವಲ್ಲ, ಹೇಳಿಕೊಳ್ಳಲು ಒಂದು ಮಾತು.

ದೂರಶಿಕ್ಷಣದ ಬಗ್ಗೆ ಮಾತಾಡುವಾಗ ನಾವು ಎಡವುವುದು ಇಲ್ಲಿಯೇ. ಅದು ಪಾಠವನ್ನು ಮನೆಗೆ ತಲುಪಿಸುತ್ತದೆ. ಶಾಲೆ ಮಾಡುತ್ತಿದ್ದ ಮಿಕ್ಕ ಕೆಲಸಗಳನ್ನು ತಲುಪಿಸುವುದಿಲ್ಲ. ಪುಸ್ತಕದ ಕಟ್ಟು ಅಂಚೆಯಲ್ಲಿ ಬಂದು ಮೂಲೆಯಲ್ಲಿ ಕುಳಿತರೆ, ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು, ಸೌದೆ, ಅಡುಗೆ, ತಮ್ಮ ತಂಗಿಯರ ನಡುವೆಯೇ ಉಳಿದರೆ, ಅಕ್ಕಪಕ್ಕದವರ ಲೆಕ್ಕದಲ್ಲಿ ಅವಳು ಓದು ಬಿಟ್ಟವಳೇ. ನೋಂದಣಿ ಪತ್ರ ಅವಳನ್ನು ಕಾಯುವುದಿಲ್ಲ.

ಬಾಗಬೇಕಾದದ್ದು ಏನು?

ಹಾಗಾದರೆ ದೂರಶಿಕ್ಷಣದಿಂದ ಏನು ಸಿಗುತ್ತದೆ? ಮೊದಲು ಅದರ ಬಲವನ್ನು ಸರಿಯಾಗಿ ಅರಿಯಬೇಕು. ಮಾಮೂಲು ಶಾಲೆಯ ಗಡಿಯಾರ ಒಂದೇ ದಿಕ್ಕಿನಲ್ಲಿ ಓಡುತ್ತದೆ. ಜೂನ್‌ನಲ್ಲಿ ತಪ್ಪಿಸಿಕೊಂಡವಳಿಗೆ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯುವುದಿಲ್ಲ. ಒಂದು ವಿಷಯದಲ್ಲಿ ನಪಾಸಾದವಳು ಎಷ್ಟೋ ಕಡೆ ಇಡೀ ವರ್ಷವನ್ನು ಕಳೆದುಕೊಳ್ಳುತ್ತಾಳೆ. ಮುಕ್ತ ಶಾಲೆಯ ಗಡಿಯಾರ ಕಾಯುತ್ತದೆ. 1989ರಲ್ಲಿ ಸ್ಥಾಪನೆಯಾದ ಭಾರತದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನೇ ನೋಡಿ. ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಹಂತಕ್ಕೆ ಒಮ್ಮೆ ನೋಂದಾಯಿಸಿಕೊಂಡರೆ ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆ ಅವಧಿಯಲ್ಲಿ ಒಂಬತ್ತು ಬಾರಿ ಸಾರ್ವಜನಿಕ ಪರೀಕ್ಷೆಗೆ ಕೂರಬಹುದು. ಒಂದು ಸಲಕ್ಕೆ ಒಂದೋ ಎರಡೋ ವಿಷಯ ಬರೆದು ಪಾಸು ಮಾಡಿ, ಆ ಅಂಕಗಳನ್ನು ಜಮಾ ಇಟ್ಟುಕೊಂಡು ಉಳಿದವನ್ನು ಆಮೇಲೆ ಮುಗಿಸಬಹುದು. ಸುಗ್ಗಿಯ ತಿಂಗಳುಗಳಲ್ಲಿ ಹೊಲಕ್ಕೆ ಹೋಗಲೇಬೇಕಾದ, ಅಮ್ಮನ ಬಾಣಂತನದಲ್ಲಿ ಮನೆ ನಡೆಸಬೇಕಾದ ಹುಡುಗಿಗೆ ಈ ಒಂದು ನಿಯಮ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಹೊರಗಿನವರು ಊಹಿಸುವುದು ಕಷ್ಟ.

ಇನ್ನೊಂದು ಲಾಭವೂ ಇದೆ, ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಐದು ವರ್ಷದ ನೋಂದಣಿಯೆಂದರೆ ಹದಿನಾಲ್ಕರಲ್ಲಿ ಸೇರಿದವಳು ಹತ್ತೊಂಬತ್ತರವರೆಗೆ "ಓದುತ್ತಿರುವ ಹುಡುಗಿ". ಅವಳು ನಿಧಾನವಾಗಿ ಮುಗಿಸಿದರೂ ನಷ್ಟವಿಲ್ಲ. ಶಿಕ್ಷಣ ಇಲಾಖೆಗಳ ದೃಷ್ಟಿಯಲ್ಲಿ ಬೇಗ ಪಾಸಾಗುವುದು ಒಳ್ಳೆಯದು. ಈ ಹುಡುಗಿಯ ದೃಷ್ಟಿಯಲ್ಲಿ ಕಾಲ ಸಿಗುವುದೇ ಒಳ್ಳೆಯದು.

ಪಾಠ ತಲುಪುವ ದಾರಿಯೂ ನಾನಾ ಬಗೆ. ಮೆಕ್ಸಿಕೊ 1968ರಿಂದಲೇ ಹಳ್ಳಿಗಳಲ್ಲಿ ದೂರದರ್ಶನದ ಮೂಲಕ ಪ್ರೌಢಶಾಲೆ ನಡೆಸುತ್ತಿದೆ: ಮಕ್ಕಳು ಒಂದು ಕೋಣೆಯಲ್ಲಿ ಸೇರುತ್ತಾರೆ, ಪಾಠ ಪರದೆಯಲ್ಲಿ ಬರುತ್ತದೆ, ಎಲ್ಲ ವಿಷಯಗಳಿಗೂ ಒಬ್ಬರೇ ಶಿಕ್ಷಕರು ಜೊತೆಗಿರುತ್ತಾರೆ. ಜಾಂಬಿಯಾ 2000ದಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳಿಗಾಗಿ ರೇಡಿಯೊ ಪಾಠ ಆರಂಭಿಸಿತು. ಅಲ್ಲಿಯೂ ಮಕ್ಕಳು ರೇಡಿಯೊ ಸುತ್ತ ಒಂದೆಡೆ ಕೂಡುತ್ತಿದ್ದರು, ಆ ಊರಿನವರೇ ಒಬ್ಬರು ಮುಂದೆ ನಿಂತು ನಡೆಸುತ್ತಿದ್ದರು. ಬಾಂಗ್ಲಾದೇಶದ ವಾಯುವ್ಯ ಭಾಗದಲ್ಲಿ ಮಳೆಗಾಲದ ನೆರೆಗೆ ಶಾಲೆಗಳು ಮುಚ್ಚಿಹೋಗುವುದನ್ನು ಕಂಡು ಶಿಧುಲೈ ಸ್ವನಿರ್ವರ್ ಸಂಸ್ಥೆ 2002ರಲ್ಲಿ ದೋಣಿಯನ್ನೇ ಶಾಲೆ ಮಾಡಿತು. ಅದು ದಡದಿಂದ ದಡಕ್ಕೆ ಹೋಗಿ ಮಕ್ಕಳನ್ನು ಹತ್ತಿಸಿಕೊಂಡು, ನಿಂತಲ್ಲೇ ಪಾಠ ಮಾಡುತ್ತದೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹೆದರುವ ಮನೆಯವರ ಕಣ್ಣೆದುರಿಗೇ ಶಾಲೆ ಬಂದು ನಿಂತಂತಾಯಿತು. ಮಹಾರಾಷ್ಟ್ರದ ಮ್ಹಸವಡದಲ್ಲಿರುವ ಮಾಣ್‌ದೇಶಿ ಪ್ರತಿಷ್ಠಾನ ಬಸ್ಸಿನೊಳಗೆ ತರಗತಿ ಕಟ್ಟಿ ಹೆಂಗಸರಿಗೆ ವ್ಯಾಪಾರದ ಪಾಠವನ್ನು ಊರೂರಿಗೆ ಒಯ್ದಿತು.

ಈ ಎಲ್ಲವುಗಳಲ್ಲೂ ಒಂದು ಸಮಾನ ಅಂಶವಿದೆ. ಶಿಕ್ಷಕ ದೂರವಿರಬಹುದು, ಶಾಲೆಯ ಕಟ್ಟಡ ಇಲ್ಲದಿರಬಹುದು. ಆದರೆ ಕಲಿಯುವವರು ಒಂದೆಡೆ ಸೇರುತ್ತಾರೆ. ದೂರಶಿಕ್ಷಣ ಎಂದ ಕೂಡಲೇ ಕೋಣೆಯ ಮೂಲೆಯಲ್ಲಿ ಒಂಟಿಯಾಗಿ ಮೊಬೈಲ್ ನೋಡುತ್ತ ಕುಳಿತ ಹುಡುಗಿಯ ಚಿತ್ರ ಈಚಿನದು. ಬಾಲ್ಯವಿವಾಹದ ವಿಷಯದಲ್ಲಿ ಅದಕ್ಕಿಂತ ನಿರುಪಯೋಗಿ ಚಿತ್ರ ಮತ್ತೊಂದಿಲ್ಲ. ಮೊದಲನೆಯದಾಗಿ ಆ ಮೊಬೈಲ್ ಅವಳದ್ದಲ್ಲ. ಭಾರತದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ತಾವೇ ಬಳಸುವ ಮೊಬೈಲ್ ಹೊಂದಿದ್ದ ಹೆಂಗಸರು ಶೇ 54ರಷ್ಟು ಮಾತ್ರ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದವರು ಹೆಂಗಸರಲ್ಲಿ ಮೂವರಲ್ಲಿ ಒಬ್ಬರು, ಗಂಡಸರಲ್ಲಿ ಶೇ 57. ಮದುವೆಯಾಗದ, ಬಡಮನೆಯ ಹದಿನೈದರ ಹುಡುಗಿಯ ಪಾಲು ಇದಕ್ಕಿಂತ ಹೆಚ್ಚಿರಲಾರದು. ಎರಡನೆಯದಾಗಿ, ಹುಡುಗಿಯ ಕೈಗೆ ಫೋನ್ ಬಂದರೆ ಅದನ್ನೇ ನೆಪಮಾಡಿಕೊಂಡು ಮದುವೆಗೆ ಅವಸರಪಡುವ ಮನೆಗಳಿವೆ. ಯಾರೊಡನೆ ಮಾತಾಡುತ್ತಾಳೋ ಎಂಬ ಭಯ ಅಲ್ಲಿ ಪಾಠಕ್ಕಿಂತ ದೊಡ್ಡದು. ಅಂಥ ಕಡೆ ಅಚ್ಚಾದ ಪುಸ್ತಕ, ರೇಡಿಯೊ, ಶಿಕ್ಷಕರನ್ನು ಮುಖಾಮುಖಿ ಕಾಣುವ ವಾರದ ಸಂಪರ್ಕ ತರಗತಿ ಹಳೆಯ ಕಾಲದವಾಗಿ ಕಂಡರೂ ಅವೇ ಸುರಕ್ಷಿತ.

ಪ್ರಯೋಗಗಳು ಕಲಿಸಿದ್ದು

ಬಾಲ್ಯವಿವಾಹ ತಡೆಯುವ ಕೆಲಸಗಳಲ್ಲಿ ಯಾವುದು ಫಲ ಕೊಟ್ಟಿತು ಎಂಬುದನ್ನು ಶ್ರದ್ಧೆಯಿಂದ ಅಳೆದ ಕೆಲವು ಅಧ್ಯಯನಗಳಿವೆ. ಅವುಗಳಲ್ಲಿ ಎಲ್ಲವೂ ದೂರಶಿಕ್ಷಣದ ಬಗ್ಗೆ ಅಲ್ಲ. ಆದರೂ ದೂರಶಿಕ್ಷಣ ಕಟ್ಟುವವರು ಓದಲೇಬೇಕಾದವು.

ಪಶ್ಚಿಮ ಕೆನ್ಯಾದಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳ ಮಕ್ಕಳಿಗೆ ಉಚಿತವಾಗಿ ಸಮವಸ್ತ್ರ ಕೊಟ್ಟು ನೋಡಿದರು. ಅಷ್ಟಕ್ಕೇ ಶಾಲೆ ಬಿಡುವವರು ಕಡಿಮೆಯಾದರು, ಹದಿಹರೆಯದ ಮದುವೆ ಮತ್ತು ಬಸುರು ಕೂಡ ತಗ್ಗಿದವು. ಒಂದು ಜೊತೆ ಬಟ್ಟೆಯ ಖರ್ಚು ಹುಡುಗಿಯ ಬದುಕಿನ ದಿಕ್ಕನ್ನು ತಿರುಗಿಸುವಷ್ಟು ತೆಳ್ಳಗಿನ ಗೆರೆಯ ಮೇಲೆ ಆ ಮನೆಗಳು ನಿಂತಿದ್ದವು ಎಂಬುದು ಇದರ ಅರ್ಥ. ಮುಕ್ತ ಶಾಲೆಯ ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕ, ಅಧ್ಯಯನ ಕೇಂದ್ರಕ್ಕೆ ಹೋಗಿಬರುವ ಬಸ್ಸಿನ ಹಣ ಇವೆಲ್ಲ ಸಣ್ಣ ಮೊತ್ತವೆಂದು ಕಚೇರಿಯಲ್ಲಿ ಕುಳಿತವರಿಗೆ ಅನ್ನಿಸಬಹುದು.

ಮಲಾವಿಯ ಜೋಂಬಾ ಜಿಲ್ಲೆಯ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಕೆಲವು ಮನೆಗಳಿಗೆ ಹುಡುಗಿ ಶಾಲೆಗೆ ತಪ್ಪದೆ ಬಂದರೆ ಮಾತ್ರ ಹಣ. ಮತ್ತೆ ಕೆಲವು ಮನೆಗಳಿಗೆ ಯಾವ ಷರತ್ತೂ ಇಲ್ಲದೆ ಹಣ. ಓದಿನ ವಿಷಯದಲ್ಲಿ ಷರತ್ತಿನ ಹಣವೇ ಹೆಚ್ಚು ಫಲ ಕೊಟ್ಟಿತು. ಆದರೆ ಮದುವೆ ಮತ್ತು ಬಸುರು ಕಡಿಮೆಯಾದದ್ದು ಷರತ್ತಿಲ್ಲದ ಗುಂಪಿನಲ್ಲಿ, ಅದರಲ್ಲೂ ಶಾಲೆ ಬಿಟ್ಟಿದ್ದ ಹುಡುಗಿಯರಲ್ಲಿ. ಕಾರಣ ಸ್ಪಷ್ಟ: ಷರತ್ತು ತಪ್ಪಿದವಳ ಹಣ ನಿಂತುಹೋಗುತ್ತಿತ್ತು, ಅಂದರೆ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿದ್ದವಳಿಗೇ ನೆರವು ತಪ್ಪುತ್ತಿತ್ತು. ಮೂರು ಸಂಪರ್ಕ ತರಗತಿ ತಪ್ಪಿಸಿದರೆ ಹೆಸರು ತೆಗೆಯುತ್ತೇವೆ ಎನ್ನುವ ದೂರಶಿಕ್ಷಣ ಕೇಂದ್ರಗಳು ಇದೇ ತಪ್ಪನ್ನು ಮಾಡುತ್ತಿವೆ. ಮೂರು ತರಗತಿ ತಪ್ಪಿಸಿದವಳ ಮನೆಗೇ ಮೊದಲು ಹೋಗಬೇಕು.

ಬಾಂಗ್ಲಾದೇಶ 1994ರಿಂದ ಪ್ರೌಢಶಾಲೆಯ ಹುಡುಗಿಯರಿಗೆ ದೇಶದಾದ್ಯಂತ ವಿದ್ಯಾರ್ಥಿವೇತನ ಕೊಟ್ಟಿತು. ಶೇ 75 ಹಾಜರಿ, ನಿಗದಿತ ಅಂಕ, ಇವುಗಳ ಜೊತೆಗೆ ಮದುವೆಯಾಗಿರಬಾರದು ಎಂಬ ಷರತ್ತೂ ಇತ್ತು. ಪ್ರೌಢಶಾಲೆಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಹಿಂದೆ ಹಾಕಿತು. ಹಾಗಿದ್ದೂ ಇಂದಿಗೂ ಅಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ 18ರೊಳಗೇ ಮದುವೆಯಾದವರು. ದಾಖಲಾತಿ ಏರಿದರೆ ಮದುವೆಯ ವಯಸ್ಸು ತಾನಾಗಿ ಏರುತ್ತದೆ ಎಂದು ನಂಬುವವರು ಇದನ್ನು ಮರೆಯಬಾರದು. ಅದೇ ದೇಶದ ದಕ್ಷಿಣ ಭಾಗದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಮದುವೆ ಮುಂದೂಡಿದ ಮನೆಗೆ ಅಡುಗೆ ಎಣ್ಣೆ ಕೊಟ್ಟಾಗ ಬಾಲ್ಯವಿವಾಹ ತಗ್ಗಿತು; ಹುಡುಗಿಯರಿಗೆ ಬರೀ ತಿಳಿವಳಿಕೆಯ ತರಗತಿ ನಡೆಸಿದ ಕಡೆ ಅವರ ಓದು ಸುಧಾರಿಸಿದರೂ ಮದುವೆ ನಿಲ್ಲಲಿಲ್ಲ. ನಿರ್ಧಾರ ಹುಡುಗಿಯ ಕೈಯಲ್ಲಿ ಇಲ್ಲದಿರುವಾಗ ಹುಡುಗಿಗೆ ಮಾತ್ರ ಬುದ್ಧಿ ಹೇಳಿ ಏನು ಪ್ರಯೋಜನ?

ಇದಕ್ಕೆ ಪ್ರತಿಯಾಗಿ ಭರವಸೆ ಕೊಡುವ ಉದಾಹರಣೆಯೂ ಬಾಂಗ್ಲಾದೇಶದ್ದೇ. ಖುಲ್ನಾ, ಸಾತಖೀರಾ, ನಡಾಯಿಲ್ ಜಿಲ್ಲೆಗಳ ಗ್ರಾಮಗಳಲ್ಲಿ 'ಬಾಲಿಕಾ' ಎಂಬ ಕಾರ್ಯಕ್ರಮ ನಡೆಯಿತು. ಕೆಲವು ಊರುಗಳಲ್ಲಿ ಗಣಿತ ಇಂಗ್ಲಿಷ್‌ಗಳಲ್ಲಿ ಹೆಚ್ಚಿನ ಪಾಠ, ಕೆಲವು ಕಡೆ ಹಕ್ಕುಗಳ ಬಗ್ಗೆ ಚರ್ಚೆ, ಮತ್ತೆ ಕೆಲವು ಕಡೆ ದುಡಿಮೆಗೆ ಬೇಕಾದ ಕೌಶಲ. ಮೂರು ಬಗೆಯ ಊರುಗಳಲ್ಲೂ ಬಾಲ್ಯವಿವಾಹ ಸುಮಾರು ಕಾಲುಭಾಗದಿಂದ ಮೂರನೇ ಒಂದರವರೆಗೆ ತಗ್ಗಿತು. ಏನು ಕಲಿಸಿದರು ಎಂಬುದರಲ್ಲಿ ವ್ಯತ್ಯಾಸವಿತ್ತು. ಹುಡುಗಿಯರು ವಾರಕ್ಕೊಮ್ಮೆ ತಮ್ಮದೇ ಆದ ಒಂದು ಕೇಂದ್ರದಲ್ಲಿ, ತಮಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಮಾರ್ಗದರ್ಶಿಯ ಜೊತೆ ಸೇರುತ್ತಿದ್ದರು ಎಂಬುದು ಮಾತ್ರ ಎಲ್ಲ ಕಡೆಯೂ ಒಂದೇ. ಇದನ್ನು ನಾನು ಹೀಗೆ ಓದುತ್ತೇನೆ: ಆ ಸೇರುವಿಕೆಯೇ ಔಷಧ, ಪಠ್ಯ ಅದರ ಅನುಪಾನ.

ಹಿಂಬಾಗಿಲಾಗುವ ಅಪಾಯ

ಇನ್ನು ಆರಂಭದಲ್ಲಿ ಹೇಳಿದ ಭಯದ ಮಾತಿಗೆ ಬರುತ್ತೇನೆ. ಬಾಗುವ ಶಿಕ್ಷಣ ಒಂದು ಬಾಗಿಲು. ಆ ಬಾಗಿಲಿನಿಂದ ಹೊರಗಿದ್ದವಳು ಒಳಗೆ ಬರಬಹುದು. ಒಳಗಿದ್ದವಳನ್ನು ಹೊರಗೂ ಕಳಿಸಬಹುದು. ಯಾರನ್ನೂ ಶಾಲೆ ಬಿಡಿಸಿಲ್ಲ ಎಂದು ಸರ್ಕಾರ ಹೇಳಿಕೊಳ್ಳಲು ಅನುಕೂಲವಾಗುವುದು ಎರಡನೆಯ ದಾರಿಯಲ್ಲಿ.

ಟರ್ಕಿ 2012ರಲ್ಲಿ ಕಡ್ಡಾಯ ಶಿಕ್ಷಣವನ್ನು ಎಂಟರಿಂದ ಹನ್ನೆರಡು ವರ್ಷಕ್ಕೆ ಏರಿಸಿತು. ಕೇಳಲು ಎಷ್ಟು ಚೆಂದ. ಆದರೆ ಕೊನೆಯ ನಾಲ್ಕು ವರ್ಷಗಳನ್ನು ಮನೆಯಲ್ಲೇ ಕುಳಿತು ಮುಕ್ತ ಪ್ರೌಢಶಾಲೆಯ ಮೂಲಕ ಮುಗಿಸಬಹುದು ಎಂಬ ಅವಕಾಶವೂ ಜೊತೆಗಿತ್ತು. ಹುಡುಗಿಯರನ್ನು ಮನೆಯಲ್ಲಿ ಉಳಿಸಿಕೊಂಡು ಬೇಗ ಮದುವೆ ಮಾಡಲು ಇದು ದಾರಿಯಾಗುತ್ತದೆ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ಆಗಲೇ ಎದ್ದುನಿಂತು ಹೇಳಿದವು. ಓದುತ್ತಿರುವಾಗ ಮದುವೆಯಾದ ವಿದ್ಯಾರ್ಥಿಯ ಹೆಸರನ್ನು ಮಾಮೂಲು ಪ್ರೌಢಶಾಲೆಯಿಂದ ತೆಗೆದು ಮುಕ್ತ ಶಾಲೆಗೆ ಕಳಿಸುವ ನಿಯಮವೂ ಅಲ್ಲಿ ಬಂತು. ಬಾಲವಧು ತರಗತಿಯಿಂದ ಮಾಯವಾದರೂ ದಾಖಲೆಯಲ್ಲಿ ವಿದ್ಯಾರ್ಥಿನಿಯಾಗಿಯೇ ಉಳಿಯುತ್ತಾಳೆ.

ಮೊಜಾಂಬಿಕ್‌ನಲ್ಲಿ 2003ರ ಒಂದು ಸರ್ಕಾರಿ ಆದೇಶ ಬಸುರಿಯಾದ ಹುಡುಗಿಯರನ್ನು ಹಗಲಿನ ಶಾಲೆಯಿಂದ ರಾತ್ರಿ ಶಾಲೆಗೆ ವರ್ಗಾಯಿಸಬೇಕೆಂದು ಹೇಳಿತು. ಕತ್ತಲಲ್ಲಿ ದೂರದ ದಾರಿ ನಡೆದು ಬಸುರಿ ಹುಡುಗಿ ಹೋಗಿ ಓದುವುದುಂಟೇ? ಎಷ್ಟೋ ಮಂದಿ ಓದನ್ನೇ ಬಿಟ್ಟರು. ಹದಿನೈದು ವರ್ಷಗಳ ಹೋರಾಟದ ಬಳಿಕ 2018ರ ಡಿಸೆಂಬರ್‌ನಲ್ಲಿ ಆ ಆದೇಶ ರದ್ದಾಯಿತು. ಸಿಯೆರಾ ಲಿಯೋನ್ ಎಬೋಲಾ ಹಾವಳಿ ಇಳಿದು 2015ರಲ್ಲಿ ಶಾಲೆಗಳನ್ನು ತೆರೆದಾಗ, ಬಸುರಿ ಹುಡುಗಿಯರು ಬರಕೂಡದೆಂದು ತಡೆದು ಅವರಿಗಾಗಿ ಪ್ರತ್ಯೇಕ ಕಲಿಕಾ ಕೇಂದ್ರಗಳನ್ನು ತೆರೆಯಿತು. ಅಲ್ಲಿ ದಿನಗಳೂ ಕಡಿಮೆ, ವಿಷಯಗಳೂ ಕಡಿಮೆ. ಪಶ್ಚಿಮ ಆಫ್ರಿಕಾದ ದೇಶಗಳ ಸಮುದಾಯ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಆ ತಡೆ ಮಾತ್ರವಲ್ಲ, ಆ ಪ್ರತ್ಯೇಕ ಕೇಂದ್ರಗಳೂ ತಾರತಮ್ಯವೇ ಎಂದು ತೀರ್ಪು ಕೊಟ್ಟಿತು. 2020ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು.

ಟಾಂಜಾನಿಯಾದ ಕತೆ ಇವೆಲ್ಲಕ್ಕಿಂತ ತೊಡಕಿನದು. ಅಲ್ಲಿನ 1971ರ ವಿವಾಹ ಕಾನೂನು ಹುಡುಗಿಯರಿಗೆ ಹೆತ್ತವರ ಒಪ್ಪಿಗೆಯ ಮೇರೆಗೆ ಹದಿನೈದಕ್ಕೇ ಮದುವೆಗೆ ಅವಕಾಶ ಕೊಟ್ಟಿತ್ತು. ರೆಬೆಕಾ ಗ್ಯುಮಿ ಎಂಬ ತರುಣಿ ವಕೀಲೆ ಅದನ್ನು ಪ್ರಶ್ನಿಸಿ 2016ರಲ್ಲಿ ಹೈಕೋರ್ಟ್‌ನಲ್ಲಿ ಗೆದ್ದರು. ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಅದೇ ಹೊತ್ತಿಗೆ, 2017ರಲ್ಲಿ, ಬಸುರಿಯಾದ ಹುಡುಗಿಯರು ಮತ್ತೆ ಸರ್ಕಾರಿ ಶಾಲೆಗೆ ಕಾಲಿಡುವಂತಿಲ್ಲ ಎಂದು ಆಗಿನ ಅಧ್ಯಕ್ಷ ಜಾನ್ ಮಗುಫುಲಿ ಸಾರಿದರು. 2020ರಲ್ಲಿ ವಿಶ್ವಬ್ಯಾಂಕ್ ಆ ದೇಶದ ಪ್ರೌಢಶಿಕ್ಷಣಕ್ಕೆ 50 ಕೋಟಿ ಡಾಲರ್ ಸಾಲ ಮಂಜೂರು ಮಾಡಿದಾಗ, ಹೊರಹಾಕಲ್ಪಟ್ಟ ಹುಡುಗಿಯರಿಗೆ ಪರ್ಯಾಯ ಕಲಿಕೆಯ ದಾರಿಗಳನ್ನು ಒದಗಿಸುವುದೂ ಅದರಲ್ಲಿ ಸೇರಿತ್ತು. ಮಾನವ ಹಕ್ಕು ಸಂಘಟನೆಗಳು ವಿರೋಧಿಸಿದವು: ಹೊರಹಾಕುವುದನ್ನು ನಿಲ್ಲಿಸದೆ ಹೊರಗೆ ಚಾಪೆ ಹಾಸಿಕೊಡುವುದು ನ್ಯಾಯವೇ ಎಂಬುದು ಅವರ ವಾದದ ಸಾರ. ಕೊನೆಗೆ 2021ರ ನವೆಂಬರ್‌ನಲ್ಲಿ ನಿಷೇಧ ಹೋಯಿತು. ಈ ವಾದದಲ್ಲಿ ಎರಡೂ ಕಡೆ ಕಾಳಜಿಯಿತ್ತು ಎಂದು ನಾನು ನಂಬುತ್ತೇನೆ. ಆ ವರ್ಷ ಮನೆಯಲ್ಲಿ ಕೂತಿದ್ದ ಹುಡುಗಿಗೆ ನೀತಿ ಬದಲಾಗುವವರೆಗೆ ಕಾಯಲು ವ್ಯವಧಾನವಿರಲಿಲ್ಲ, ಅವಳಿಗೆ ಅಂದೇ ಏನಾದರೂ ಬೇಕಿತ್ತು. ಆದರೂ ತೂಗಿ ನೋಡಿದರೆ ವಿರೋಧಿಸಿದವರ ಮಾತೇ ಗಟ್ಟಿ. ಶಾಲೆಗೆ ಮರಳುವ ಹಕ್ಕು ಇದ್ದು, ಬೇರೆ ದಾರಿಯನ್ನು ಹುಡುಗಿಯೇ ಆರಿಸಿಕೊಂಡಾಗ ಮಾತ್ರ ಅದನ್ನು ಅನುಕೂಲ ಎನ್ನಬಹುದು. ಹಕ್ಕೇ ಇಲ್ಲದ ಕಡೆ ಅದು ಗಡೀಪಾರು.

ಇದೇ ಕಾರಣಕ್ಕೆ ವಯಸ್ಸಿನ ಬಗ್ಗೆ ಒಂದು ಮಾತು. ಹನ್ನೆರಡರ ಹುಡುಗಿ ಶಾಲೆ ಬಿಟ್ಟರೆ ಅವಳಿಗೆ ದೂರಶಿಕ್ಷಣದ ಅರ್ಜಿ ತುಂಬಿಸಬಾರದು. ಅವಳನ್ನು ಕೈಹಿಡಿದು ಶಾಲೆಗೇ ಕರೆತರಬೇಕು. ಶಾಲೆಯ ದಾರಿ ನಿಜವಾಗಿ ಮುಚ್ಚಿರುವ ಹದಿನಾಲ್ಕು, ಹದಿನೈದು, ಹದಿನಾರರ ಹುಡುಗಿಯರಿಗೆ ಮುಕ್ತ ಶಾಲೆ. ಈ ಗೆರೆ ಅಳಿಸಿದ ಕಡೆಯಲ್ಲೆಲ್ಲ ಶಾಲೆ ಕಟ್ಟುವ ಹೊಣೆಯಿಂದ ಸರ್ಕಾರ ಜಾರಿಕೊಳ್ಳುತ್ತದೆ.

ಕಟ್ಟುವುದಾದರೆ ಹೇಗೆ?

ಈ ದಿಕ್ಕಿನಲ್ಲಿ ನಡೆದ ದೊಡ್ಡ ಪ್ರಯತ್ನ, ದೂರಶಿಕ್ಷಣಕ್ಕಾಗಿ ಕಾಮನ್‌ವೆಲ್ತ್ ದೇಶಗಳು ಕಟ್ಟಿದ ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಸಂಸ್ಥೆಯ 'ಗರ್ಲ್ಸ್ ಇನ್‌ಸ್ಪೈರ್' ಯೋಜನೆ. ಕೆನಡಾ ಮತ್ತು ಆಸ್ಟ್ರೇಲಿಯಾ ಸರ್ಕಾರಗಳ ನೆರವಿನಿಂದ 2016ರಲ್ಲಿ ಆರಂಭವಾದ ಅದು ಬಾಂಗ್ಲಾದೇಶ, ಭಾರತ, ಪಾಕಿಸ್ತಾನ, ಮೊಜಾಂಬಿಕ್, ಟಾಂಜಾನಿಯಾಗಳಲ್ಲಿ ಕೆಲಸ ಮಾಡಿತು. ಮೇಲೆ ಹೇಳಿದ ಶಿಧುಲೈ ಮತ್ತು ಮಾಣ್‌ದೇಶಿ ಎರಡೂ ಅದರ ಪಾಲುದಾರ ಸಂಸ್ಥೆಗಳು. ಅದರ ರೀತಿಯಲ್ಲಿ ನನಗೆ ಸರಿಯೆನಿಸುವ ಸಂಗತಿಯೆಂದರೆ, ಹೊಸ ಶಾಲೆ ಸ್ಥಾಪಿಸುವ ಗೋಜಿಗೆ ಹೋಗದೆ ಆಯಾ ಊರುಗಳಲ್ಲಿ ಮೊದಲೇ ವಿಶ್ವಾಸ ಗಳಿಸಿದ್ದ ಸಂಸ್ಥೆಗಳ ಕೈಗೆ ದೂರಶಿಕ್ಷಣದ ಸಾಮಗ್ರಿ ಮತ್ತು ತರಬೇತಿ ಕೊಟ್ಟದ್ದು, ಹಾಗೂ ಓದಿನ ಜೊತೆಗೆ ಸಂಪಾದನೆಯ ಕೌಶಲವನ್ನೂ ಸೇರಿಸಿದ್ದು. ಹುಡುಗಿಯರ ಜೊತೆಗೆ ಅಪ್ಪಂದಿರು, ಊರಿನ ಹಿರಿಯರ ಜೊತೆಗೂ ಮಾತುಕತೆ ನಡೆಯಿತು.

ಸಂಪಾದನೆಯ ಮಾತನ್ನು ಕೆಲವರು ಕೀಳಾಗಿ ಕಾಣುತ್ತಾರೆ. ಹುಡುಗಿಯನ್ನು ಓದಿಸುವುದನ್ನು ಬಿಟ್ಟು ದುಡಿಸುವುದೇ ಎಂದು ಕೇಳುತ್ತಾರೆ. ಆದರೆ ಮದುವೆಯ ಹಿಂದಿನ ಲೆಕ್ಕಾಚಾರ ಬಹುಪಾಲು ಹಣದ್ದು. ವರದಕ್ಷಿಣೆ ಕೊಡುವ ಕಡೆ ವಯಸ್ಸಾದಷ್ಟೂ ಬೇಡಿಕೆ ಏರುತ್ತದೆಂಬ ಭಯವಿದೆ. ತೆರ ತೆಗೆದುಕೊಳ್ಳುವ ಕಡೆ ಮಗಳ ಮದುವೆಯಿಂದ ಮನೆಗೆ ಹಣ ಬರುತ್ತದೆ. ಬರಗಾಲ ಬಂದಾಗ ಆಫ್ರಿಕಾದ ತೆರದ ಸಮಾಜಗಳಲ್ಲಿ ಬಾಲ್ಯವಿವಾಹ ಏರುವುದನ್ನೂ ಭಾರತದಲ್ಲಿ ಇಳಿಯುವುದನ್ನೂ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಹಾಗಿರುವಾಗ ಮುಕ್ತ ಶಾಲೆಯ ಪ್ರಮಾಣಪತ್ರಕ್ಕೆ ಮನೆಯವರ ಕಣ್ಣಲ್ಲಿ ಬೆಲೆ ಬರಬೇಕಾದರೆ ಅದು ಒಂದು ಕೆಲಸಕ್ಕೋ ಮುಂದಿನ ಕೋರ್ಸಿಗೋ ದಾರಿ ತೋರಿಸಬೇಕು. ನರ್ಸಿಂಗ್ ಕಾಲೇಜು ಆ ಅಂಕಪಟ್ಟಿಯನ್ನು ಒಪ್ಪುತ್ತದೆಯೇ? ನೇಮಕಾತಿಯ ಅರ್ಜಿಯಲ್ಲಿ ಅದಕ್ಕೆ ಸಮಾನ ಸ್ಥಾನವಿದೆಯೇ? ಕಾಗದದ ಮೇಲೆ ಸಮಾನವಾಗಿದ್ದರೂ ಗುಮಾಸ್ತರ ಮೇಜಿನ ಮುಂದೆ ಅದು ಕೀಳಾಗಿಬಿಡುತ್ತದೆಯೇ? ಹೆತ್ತವರು ಇದನ್ನು ಬಹಳ ಬೇಗ ಪತ್ತೆಹಚ್ಚುತ್ತಾರೆ. ಮೊದಲು ಪಾಸಾದ ಒಬ್ಬ ಹುಡುಗಿಗೆ ಏನಾಯಿತು ಎಂಬುದನ್ನು ನೋಡಿ ಉಳಿದ ಹತ್ತು ಮನೆಗಳು ತೀರ್ಮಾನಿಸುತ್ತವೆ.

ಆಮೇಲೆ ಅಧ್ಯಯನ ಕೇಂದ್ರ. ನನ್ನ ಕೈಯಲ್ಲಿ ಹಣವಿದ್ದರೆ ಟ್ಯಾಬ್ಲೆಟ್‌ಗಳಿಗೆ ಕೊಡುವ ಬದಲು ಅದಕ್ಕೇ ಹಾಕುತ್ತಿದ್ದೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ, ಬಾಗಿಲಿರುವ ಶೌಚಾಲಯ, ಕೂಸನ್ನು ಮಲಗಿಸಲು ಒಂದು ಮೂಲೆ, ವಾರದಲ್ಲಿ ಎರಡು ದಿನ ತಪ್ಪದೆ ಬರುವ ಒಬ್ಬಳು ಮಾರ್ಗದರ್ಶಿ. ಅವಳು ಅದೇ ಸೀಮೆಯವಳಾಗಿದ್ದು ಸ್ವತಃ ಮುಕ್ತ ಶಾಲೆಯಲ್ಲಿ ಓದಿದವಳಾದರೆ ಇನ್ನೂ ಒಳ್ಳೆಯದು. ಹುಡುಗಿಯರು ಪುಸ್ತಕ ಹಿಡಿದು ಬೀದಿಯಲ್ಲಿ ನಡೆದುಹೋಗುವುದು ಎಲ್ಲರಿಗೂ ಕಾಣಬೇಕು. ಗುರುತಿನ ಚೀಟಿ, ಒಂದೇ ಬಣ್ಣದ ಚೀಲ ಇಂಥವು ಆಡಂಬರವಲ್ಲ. ಇವಳು ವಿದ್ಯಾರ್ಥಿನಿ ಎಂಬುದನ್ನು ಅವು ಊರಿಗೆ ಸಾರುತ್ತವೆ.

ಕೂಸಿನ ಮೂಲೆ ಎಂದೆ. ಏಕೆಂದರೆ ಬಾಲ್ಯವಿವಾಹ ತಡೆಯುವ ಉತ್ಸಾಹದಲ್ಲಿ ಆಗಲೇ ಮದುವೆಯಾದವಳನ್ನು ನಾವು ಕೈಬಿಡುತ್ತೇವೆ. ಬಾಂಗ್ಲಾದೇಶದ ವಿದ್ಯಾರ್ಥಿವೇತನದ ಷರತ್ತು ಅವಳನ್ನು ಹೊರಗಿಟ್ಟಿತು, ಟರ್ಕಿಯ ನಿಯಮವೂ ಅವಳನ್ನು ತರಗತಿಯಿಂದ ದೂರ ಮಾಡಿತು. ಮದುವೆಯಾದ ಹದಿನಾರರ ಹುಡುಗಿಗೂ ಓದಿನ ಹಸಿವಿರುತ್ತದೆ, ಅತ್ತೆಮನೆಯಲ್ಲಿ ಸಮಯ ಮಾತ್ರ ಇನ್ನೂ ಕಡಿಮೆ. ಐದು ವರ್ಷ ಕಾಯುವ ನೋಂದಣಿ, ಒಂದೊಂದೇ ವಿಷಯ ಬರೆಯುವ ಅವಕಾಶ ಇವು ಅವಳಿಗಿಂತ ಹೆಚ್ಚು ಯಾರಿಗೆ ಬೇಕು? ಓದಿದ ತಾಯಿ ತನ್ನ ಮಗಳ ಮದುವೆಯನ್ನು ತಡ ಮಾಡುತ್ತಾಳೆ ಎಂಬುದನ್ನು ಒಪ್ಪುವವರು, ಆ ತಾಯಿ ಈಗ ಹದಿನಾರರ ಬಸುರಿಯಾಗಿ ನಮ್ಮೆದುರೇ ಇದ್ದಾಳೆ ಎಂಬುದನ್ನು ಕಾಣಬೇಕು.

ಕೊನೆಯದಾಗಿ ಲೆಕ್ಕದ ವಿಷಯ. ಇಂಥ ಯೋಜನೆಗಳ ವರದಿಗಳಲ್ಲಿ ಮೊದಲು ಕಾಣುವುದು ಎಷ್ಟು ಮಂದಿ ನೋಂದಾಯಿಸಿದರು ಎಂಬ ಅಂಕಿ. ಅದು ದೊಡ್ಡದಾಗಿರುತ್ತದೆ. ಎಷ್ಟು ಮಂದಿ ಮುಗಿಸಿದರು ಎಂಬುದನ್ನು ಹುಡುಕಬೇಕಾಗುತ್ತದೆ. ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ 18 ತುಂಬುವವರೆಗೆ ಮದುವೆಯಾಗದೆ ಉಳಿದರು ಎಂದು ಕೇಳಿ ಬರೆದುಕೊಂಡ ವರದಿಗಳು ಇನ್ನೂ ವಿರಳ. ಹೆಸರು, ಜನ್ಮದಿನಾಂಕ, ವಿಳಾಸ ಎಲ್ಲವೂ ಕೇಂದ್ರದ ಪುಸ್ತಕದಲ್ಲಿ ಇವೆ. ಅವುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಹುಡುಗಿ ಎರಡು ವಾರ ಸತತವಾಗಿ ಬಾರದಿದ್ದರೆ ಯಾರು ಅವಳ ಮನೆಗೆ ಹೋದರು, ಯಾವ ದಿನ ಹೋದರು, ಅವಳು ಏನು ಹೇಳಿದಳು ಎಂದು ಬರೆಯಬೇಕು.